ಪದವಿಗೆ ಕೈಕೆಲಸ ಜೋಡಿಸಿ ಉಪ ಆದಾಯ ಕಟ್ಟಿಕೊಳ್ಳುವ ಬಗೆ: ಚಿಕ್ಕಮಗಳೂರು, ಹಾಸನದ ಪದವೀಧರರಿಗೊಂದು ಮಾರ್ಗದರ್ಶಿ

ಬಿ.ಕಾಂ. ಮುಗಿಸಿದ ಹೊಸಬರು ಕಾಫಿ ತೋಟದ ಚೆಕ್‌ರೋಲನ್ನು (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಮೊದಲ ಸಲ ಕೈಗೆತ್ತಿಕೊಂಡಾಗ ಅದರಲ್ಲಿ ಅರ್ಧದಷ್ಟೂ ಅರ್ಥವಾಗುವುದಿಲ್ಲ. ಅದೇ ತೋಟದಲ್ಲಿ 30 ವರ್ಷ ರೈಟರ್ (ತೋಟದ ಗುಮಾಸ್ತ) ಆಗಿ ದುಡಿದವರನ್ನು, ಕಾಫಿ ಮಾರಿ ಬಂದ ಲಾಭದಲ್ಲಿ ಎಷ್ಟು ಪಾಲು ಆದಾಯ ತೆರಿಗೆಗೆ ಒಳಪಡುತ್ತದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಒಬ್ಬರಿಗೆ ಪುಸ್ತಕ ಗೊತ್ತು, ಇನ್ನೊಬ್ಬರಿಗೆ ತೋಟ ಗೊತ್ತು. ಎರಡನ್ನೂ ಬಲ್ಲವರು ಸಿಕ್ಕರೆ ಬೆಳೆಗಾರರು ಹಣ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ನಾನು ಹಗಲು ಚಿಕ್ಕಮಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು, ಸಂಜೆಯ ಹೊತ್ತು ಮತ್ತು ಭಾನುವಾರಗಳಲ್ಲಿ ನಾಲ್ಕು ತೋಟಗಳ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಈ ದಾರಿಯಲ್ಲಿ ನಡೆದು ತಿಳಿದುಕೊಂಡದ್ದನ್ನು, ಬೇರೆ ಪದವಿಯವರಿಗೂ ಉಪಯೋಗವಾಗುವ ಹಾಗೆ, ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ಪದವಿ ಯಾವ ಬೀಗ ತೆರೆಯುತ್ತದೆ ಎಂದು ಪತ್ತೆ ಮಾಡಿ

ಉಪ ಆದಾಯ ಬೇಕೆಂದ ಕೂಡಲೇ ಹೆಚ್ಚಿನವರು ಪದವಿಯನ್ನು ಪಕ್ಕಕ್ಕಿಟ್ಟು, ಅದಕ್ಕೆ ಸಂಬಂಧವೇ ಇಲ್ಲದ ಹೊಸ ಕೋರ್ಸೊಂದಕ್ಕೆ ಹಣ ಕಟ್ಟುತ್ತಾರೆ. ಹಾಗೆ ಮಾಡಿದರೆ ಮೂರು ವರ್ಷ ಓದಿದ್ದು ದಂಡವಾಗುತ್ತದೆ, ಹೊಸ ಕೆಲಸದಲ್ಲಿ ನೀವು ಎಲ್ಲರ ಹಿಂದೆ ನಿಂತ ಕಲಿಕೆಯವರಾಗುತ್ತೀರಿ. ಇದರ ಬದಲು, ಕೈಕೆಲಸ ಒಂದೇ ಇದ್ದವರಿಗೆ ತೆರೆಯದ ಯಾವ ಬಾಗಿಲನ್ನು ನಿಮ್ಮ ಪದವಿ ತೆರೆಯುತ್ತದೆ ಎಂದು ಒಂದು ಹಾಳೆಯ ಮೇಲೆ ಬರೆದು ನೋಡಿ.

ಕೆಲವು ಬಾಗಿಲುಗಳನ್ನು ಕಾನೂನೇ ಇಟ್ಟಿದೆ. ಇತರರ ಪರವಾಗಿ ಜಿಎಸ್‌ಟಿ ವಿವರ ಸಲ್ಲಿಸುವ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳಲು ವಾಣಿಜ್ಯ, ಕಾನೂನು ಅಥವಾ ವ್ಯವಹಾರ ನಿರ್ವಹಣೆಯ ಪದವಿಯನ್ನು ನಿಯಮಗಳು ಅರ್ಹತೆಯಾಗಿ ಹೇಳುತ್ತವೆ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವನ್ನು ಎಷ್ಟೇ ಚೆನ್ನಾಗಿ ಬಲ್ಲವರಾದರೂ, ಬೇರೆ ವಿಷಯದ ಪದವಿಯೊಂದನ್ನೇ ನಂಬಿ ಸಾಮಾನ್ಯವಾಗಿ ಆ ದಾರಿಗೆ ಬರಲಾಗದು. ಕೀಟನಾಶಕ ಮಾರಾಟದ ಪರವಾನಗಿಗೆ ಕೃಷಿ ಪದವಿ, ಅಥವಾ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದಂತಹ ವಿಷಯ ಓದಿದ ವಿಜ್ಞಾನ ಪದವಿ ಅರ್ಹತೆಯಾಗುತ್ತದೆ. ಬಿ.ಎಸ್ಸಿ. ಮಾಡಿ ಮನೆಯಲ್ಲಿ ಕುಳಿತವರಲ್ಲಿ ಇದನ್ನು ತಿಳಿದವರು ಕಡಿಮೆ.

ಇನ್ನು ಕೆಲವು ಬಾಗಿಲುಗಳು ನಂಬಿಕೆಯವು. ಇತಿಹಾಸದಲ್ಲಿ ಎಂ.ಎ. ಮಾಡಿದವರು ಬೇಲೂರಿನ ಶಾಸನದ ಅರ್ಥವನ್ನು ವಿವರಿಸಿದರೆ ಕೇಳುವವರು ಒಂದು ಕ್ಷಣ ಹೆಚ್ಚು ನಿಲ್ಲುತ್ತಾರೆ. ಮೂರನೆಯದು ಓದುವ ಶಕ್ತಿ. ಸರ್ಕಾರಿ ಸುತ್ತೋಲೆ, ಮಣ್ಣಿನ ವರದಿ, ಬ್ಯಾಂಕಿನ ಸಾಲಪತ್ರ ಇವನ್ನು ಓದಿ ಇನ್ನೊಬ್ಬರಿಗೆ ಕನ್ನಡದಲ್ಲಿ ತಿಳಿಸಿ ಹೇಳಬಲ್ಲ ಸಾಮರ್ಥ್ಯವನ್ನು ಯಾವ ಪದವಿಯಾದರೂ ಅಷ್ಟಿಷ್ಟು ಕೊಟ್ಟೇ ಇರುತ್ತದೆ. ಕಾನೂನಿನ ಬಾಗಿಲು ಸಿಕ್ಕರೆ ಅದನ್ನೇ ಹಿಡಿಯಿರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಪೈಪೋಟಿ ಕಡಿಮೆ.

ಎರಡನೆಯ ಹೆಜ್ಜೆ: ಸ್ಕೂಟರ್ ಹೋಗುವಷ್ಟು ದೂರದಲ್ಲಿ ಹುಡುಕಿ

ಒಂದು ತಿಂಗಳು ಏನನ್ನೂ ಆರಂಭಿಸಬೇಡಿ. ಜೇಬಿನಲ್ಲೊಂದು ಸಣ್ಣ ಪುಸ್ತಕವಿಟ್ಟುಕೊಂಡು, ನಿಮ್ಮ ಮನೆಯಿಂದ 20 ಕಿಲೋಮೀಟರ್ ಒಳಗೆ ಜನರು ಯಾವ ಕೆಲಸಕ್ಕಾಗಿ ಪೇಟೆಗೆ ಎರಡೆರಡು ಸಲ ಅಲೆಯುತ್ತಾರೆ, ಯಾವುದಕ್ಕೆ ಮೂರನೆಯವರಿಗೆ ಹಣ ಕೊಡುತ್ತಾರೆ, ಯಾವುದನ್ನು ಬೇಸರದಿಂದ ಮುಂದೂಡುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಗೊಬ್ಬರದ ಅಂಗಡಿ, ಸಹಕಾರ ಸಂಘದ ಕಟ್ಟೆ, ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಗೇಟು, ನಾಡಕಚೇರಿಯ ಸಾಲು ಇವು ಇಂತಹ ಮಾತು ಕಿವಿಗೆ ಬೀಳುವ ಸ್ಥಳಗಳು.

ಊರಿನಿಂದ ಊರಿಗೆ ಈ ಪಟ್ಟಿ ಬದಲಾಗುತ್ತದೆ. ಮೂಡಿಗೆರೆ, ಕೊಪ್ಪದ ಕಡೆ ಕಾಫಿ, ಮೆಣಸು, ಅಡಿಕೆ ಮತ್ತು ಹೋಮ್‌ಸ್ಟೇ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗು, ಕೊಬ್ಬರಿ. ಹಾಸನದ ಸುತ್ತ ಮುಂಗಾರಿನ ಆಲೂಗಡ್ಡೆ, ಹೈನುಗಾರಿಕೆ. ಆಲೂಗಡ್ಡೆಯ ಬಿತ್ತನೆ ಬೀಜ ಪಂಜಾಬಿನಿಂದ ಹಾಸನದ ಮಾರುಕಟ್ಟೆಗೆ ಬರುವ ಮೇ ತಿಂಗಳಲ್ಲಿ, ಬೀಜೋಪಚಾರ ಮತ್ತು ಅಂಗಮಾರಿ ರೋಗದ ಕುರಿತು ತಿಳಿದು ಹೇಳಬಲ್ಲ ಸಸ್ಯಶಾಸ್ತ್ರದ ಪದವೀಧರರೊಬ್ಬರು ಹಳ್ಳಿಯಲ್ಲಿದ್ದರೆ ಅವರ ಮಾತಿಗೆ ಬೆಲೆಯಿರುತ್ತದೆ. ಅದೇ ವ್ಯಕ್ತಿ ಅದೇ ಮಾತನ್ನು ಕಳಸದಲ್ಲಿ ಹೇಳಿದರೆ ಕೇಳುವವರಿರುವುದಿಲ್ಲ.

ತಿಂಗಳ ಕೊನೆಗೆ ಈ ಪಟ್ಟಿಯನ್ನೂ ಮೊದಲಿನ ಹಾಳೆಯನ್ನೂ ಅಕ್ಕಪಕ್ಕ ಇಡಿ. ಎರಡರಲ್ಲೂ ಕಾಣಿಸಿಕೊಂಡ ಕೆಲಸ ಯಾವುದೋ ಅದೇ ನಿಮ್ಮದು. ಎರಡು ಮೂರು ಕಾಣಿಸಿದರೆ, ವರ್ಷಕ್ಕೊಮ್ಮೆ ಬರುವ ಕೆಲಸಕ್ಕಿಂತ ತಿಂಗಳು ತಿಂಗಳು ಬರುವುದನ್ನು ಆರಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಮಾಡುವವರ ಬಳಿ ಕುಳಿತು ಕಲಿಯಿರಿ

ಪ್ರಮಾಣಪತ್ರಕ್ಕೆ ಮೊದಲು ಕೈ ಪಳಗಬೇಕು. ನನಗೆ ಚೆಕ್‌ರೋಲ್ ಕಲಿಸಿದವರು ಒಬ್ಬ ನಿವೃತ್ತ ರೈಟರ್. ಮೂರು ತಿಂಗಳ ಭಾನುವಾರಗಳನ್ನು ಅವರ ಜಗಲಿಯಲ್ಲಿ ಕಳೆದೆ. ಹಾಜರಿ ಹೇಗೆ ಗುರುತಿಸುತ್ತಾರೆ, ದಿನಗೂಲಿಗೂ ಕೆ.ಜಿ. ಲೆಕ್ಕದ ಕೊಯ್ಲಿಗೂ ಕಾಲಂ ಏಕೆ ಬೇರೆ, ವಾರದ ಬಟವಾಡೆಯಲ್ಲಿ ಮುಂಗಡವನ್ನು ಹೇಗೆ ಮುರಿದುಕೊಳ್ಳುತ್ತಾರೆ ಎಂಬುದನ್ನು ಯಾವ ತರಗತಿಯೂ ನನಗೆ ಹೇಳಿಕೊಟ್ಟಿರಲಿಲ್ಲ. ಅವರು ಹಣ ಮುಟ್ಟಲಿಲ್ಲ. ಅವರ ಪಿಂಚಣಿಯ ಕಾಗದಪತ್ರಗಳನ್ನು ನಾನು ಸರಿಪಡಿಸಿಕೊಟ್ಟೆ. ನಮ್ಮ ಕಡೆ ಕಲಿಕೆಯ ಋಣ ಹೀಗೆ ತೀರುತ್ತದೆ.

ತರಬೇತಿಯೇ ಬೇಕೆನ್ನುವವರಿಗೂ ಒಳ್ಳೆಯ ದಾರಿಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯನ್ನು ಅನುಸರಿಸಿ ಜಿಲ್ಲೆಗಳಲ್ಲಿ ಸ್ಥಾಪಿಸಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಮೋಟಾರ್ ರಿವೈಂಡಿಂಗ್, ಹೊಲಿಗೆ, ಹೈನುಗಾರಿಕೆ ಮೊದಲಾದವುಗಳಲ್ಲಿ ಊಟ ವಸತಿಯೊಂದಿಗೆ ಉಚಿತ ತರಬೇತಿ ಕೊಡುತ್ತವೆ. ಮೂಡಿಗೆರೆ ಮತ್ತು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಬೆಳೆಗೆ ಸಂಬಂಧಿಸಿದ ಅಲ್ಪಾವಧಿ ತರಬೇತಿಗಳು ನಡೆಯುತ್ತವೆ. ಕಾಫಿ ಹುರಿಯುವುದು, ರುಚಿ ಗುರುತಿಸುವುದು ಇವುಗಳಲ್ಲಿ ಆಸಕ್ತಿಯಿದ್ದರೆ ಕಾಫಿ ಮಂಡಳಿಯ ಕಾಪಿ ಶಾಸ್ತ್ರ ಎಂಬ ತರಬೇತಿಯಿದೆ. ವಿಜ್ಞಾನ ಪದವೀಧರರು ಅದೇ ಮಂಡಳಿಯ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾದತ್ತಲೂ ನೋಡಬಹುದು. ಪ್ರವಾಸಿ ಮಾರ್ಗದರ್ಶನಕ್ಕೆ ಹೋಗುವವರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಆನ್‌ಲೈನ್ ಪ್ರಮಾಣಪತ್ರ ಕಾರ್ಯಕ್ರಮವಿದೆ.

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇತಿಹಾಸದ ಪದವೀಧರರು ಈ ಕಡೆಗೆ ಗಂಭೀರವಾಗಿ ನೋಡಬೇಕೆಂದು ನನಗನ್ನಿಸುತ್ತದೆ. ಆದರೆ ಸಂರಕ್ಷಿತ ಸ್ಮಾರಕದ ಆವರಣದೊಳಗೆ ಮಾರ್ಗದರ್ಶಕರಾಗಿ ಹಣ ಪಡೆಯಲು ಪರವಾನಗಿ ಬೇಕು. ಅದಿಲ್ಲದೆ ಪ್ರವಾಸಿಗರ ಬೆನ್ನು ಹತ್ತುವುದು ತಪ್ಪು, ತಲೆಮಾರುಗಳಿಂದ ಅಲ್ಲೇ ದುಡಿಯುತ್ತಿರುವವರ ಅನ್ನಕ್ಕೂ ಅದು ಅಡ್ಡ ಬರುತ್ತದೆ. ಪರವಾನಗಿ ಬರುವವರೆಗೆ ಶಾಲಾ ಪ್ರವಾಸಗಳಿಗೆ ಮುಂಚಿತವಾಗಿ ತರಗತಿಯಲ್ಲೇ ಚಿತ್ರಗಳೊಂದಿಗೆ ಪಾಠ ಮಾಡುವುದು, ಹೋಮ್‌ಸ್ಟೇಗಳಿಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಸ್ಥಳಪರಿಚಯದ ಕಿರುಪುಸ್ತಿಕೆ ಸಿದ್ಧಪಡಿಸಿ ಕೊಡುವುದು ಇವೆಲ್ಲ ಮಾಡಬಹುದಾದ ಕೆಲಸಗಳೇ.

ನಾಲ್ಕನೆಯ ಹೆಜ್ಜೆ: ಒಂದು ಪೂರ್ಣ ಉದಾಹರಣೆಯನ್ನು ಹಿಡಿದು ನೋಡಿ

ತೋಟದ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ, ನನಗೆ ಒಳಹೊರಗು ತಿಳಿದದ್ದು ಅದೊಂದೇ.

ಪದವಿ ಇಲ್ಲಿ ಏನು ಕೊಡುತ್ತದೆ? ಆದಾಯ ತೆರಿಗೆ ನಿಯಮಗಳ ಪ್ರಕಾರ, ಬೆಳೆಗಾರರು ತಾವು ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಆ ಆದಾಯದ 25 ಪ್ರತಿಶತ ಮಾತ್ರ ವ್ಯವಹಾರದ ಆದಾಯವೆಂದು ತೆರಿಗೆಗೆ ಒಳಪಡುತ್ತದೆ, ಉಳಿದದ್ದು ಕೃಷಿ ಆದಾಯ. ಅದನ್ನೇ ಹುರಿದು ಪುಡಿಮಾಡಿ ಮಾರಿದರೆ ಆ ಪ್ರಮಾಣ 40 ಪ್ರತಿಶತಕ್ಕೆ ಏರುತ್ತದೆ. ಹಾಗೆಯೇ, ತಾನು ಬೆಳೆದ ಬೆಳೆಯನ್ನು ಮಾರುವಷ್ಟರ ಮಟ್ಟಿಗೆ ಕೃಷಿಕರಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಕಾನೂನಿನ ಕಣ್ಣಿಗೆ ಕೃಷಿಕರೆಂದರೆ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ. ಅಣ್ಣತಮ್ಮಂದಿರು ಪಾಲುದಾರಿಕೆ ಸಂಸ್ಥೆ ಮಾಡಿಕೊಂಡಿದ್ದರೆ, ಇಲ್ಲವೇ ತೋಟದ ಬಂಗಲೆಯಲ್ಲಿ ಹೋಮ್‌ಸ್ಟೇ ನಡೆಸುತ್ತಿದ್ದರೆ ಲೆಕ್ಕವೇ ಬೇರೆ. ಅನೇಕ ಮನೆಗಳಲ್ಲಿ ಕಾಫಿ, ಮೆಣಸು, ಹೋಮ್‌ಸ್ಟೇ, ಪುಡಿ ಮಾರಾಟ ಎಲ್ಲದರ ಹಣವೂ ಒಂದೇ ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ, ವರ್ಷದ ಕೊನೆಗೆ ಯಾವುದು ಯಾವುದೆಂದು ಬಿಡಿಸಲಾಗದ ಸಿಕ್ಕು. ಈ ಸಿಕ್ಕು ಬಿಡಿಸುವುದೇ ನಿಮ್ಮ ಕೆಲಸ.

ಕೈಕೆಲಸ ಏನು ಕೊಡುತ್ತದೆ? ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ 50 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಂದು ನಾಲ್ಕು ಬಗೆ. ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರಿ. ಒಂದು ಚೀಲ ಚೆರಿಯಿಂದ ಎಷ್ಟು ಕೆ.ಜಿ. ಶುದ್ಧ ಬೀಜ ಹೊರಡುತ್ತದೆ ಎಂಬ ಔಟ್‌ಟರ್ನ್ ಮೇಲೆ ಕೈಗೆ ಬರುವ ಹಣ ನಿರ್ಧಾರವಾಗುತ್ತದೆ. ಇದನ್ನು ತಿಳಿಯದವರು ಖರೀದಿದಾರರ ಚೀಟಿಯಲ್ಲಿರುವ ಮೊತ್ತವನ್ನು ಕಣ್ಣುಮುಚ್ಚಿ ಟ್ಯಾಲಿಗೆ ಏರಿಸುತ್ತಾರೆ. ತಿಳಿದವರು ಕಣದಲ್ಲಿ ಒಣಗಿಸಿ ತೂಗಿದ ಚೀಲಗಳ ಸಂಖ್ಯೆ, ತೇವಾಂಶಕ್ಕೆ ಮುರಿದುಕೊಂಡ ತೂಕ, ಔಟ್‌ಟರ್ನ್ ಮೂರನ್ನೂ ಹೊಂದಿಸಿ ನೋಡಿ, ಎಲ್ಲಿ ತಾಳೆಯಾಗಲಿಲ್ಲ ಎಂದು ಬೆಳೆಗಾರರಿಗೆ ಹೇಳುತ್ತಾರೆ. ನಾನು ಹೀಗೆ ಹೊಂದಿಸಿ ನೋಡಿ ಎರಡು ಚೀಲದ ವ್ಯತ್ಯಾಸ ತೋರಿಸಿಕೊಟ್ಟ ದಿನವೇ ಒಂದು ತೋಟದವರು ಪಕ್ಕದ ತೋಟದವರಿಗೂ ನನ್ನ ಹೆಸರು ಹೇಳಿದರು.

ಕೆಲಸದ ಕ್ರಮ ಹೀಗಿರಲಿ. ಮೊದಲ ಭೇಟಿಯಲ್ಲಿ ಪಹಣಿ, ಬ್ಯಾಂಕ್ ಪಾಸ್‌ಪುಸ್ತಕ, ಕಳೆದ ವರ್ಷದ ತೆರಿಗೆ ವಿವರ, ಬೆಳೆಸಾಲದ ಕಾಗದ ಇಷ್ಟನ್ನು ಕೇಳಿ ಪಟ್ಟಿ ಮಾಡಿಕೊಳ್ಳಿ. ಎರಡನೆಯದರಲ್ಲಿ ಖರ್ಚಿನ ತಲೆಬರಹಗಳನ್ನು ಬೆಳೆಗಾರರ ಮಾತಿನಲ್ಲೇ ಗೊತ್ತುಮಾಡಿ: ಕೊಯ್ಲು, ಮರಗಸಿ (ನೆರಳು ಮರದ ಕೊಂಬೆ ಕಡಿಸುವುದು), ಚಿಗುರು ತೆಗೆಸುವುದು, ಗೊಬ್ಬರ, ಬೋರ್ಡೊ ಸಿಂಪಡಣೆ, ನೀರು ಹಾಯಿಸುವುದು. ಪುಸ್ತಕದ ಹೆಸರುಗಳನ್ನು ತಂದು ಹೇರಿದರೆ ರೈಟರ್ ಚೀಟಿ ಬರೆಯುವುದನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಪ್ರತಿ ವಾರ ಚೀಟಿಗಳ ಫೋಟೊ ತರಿಸಿಕೊಂಡು ನಮೂದಿಸಿ, ತಿಂಗಳಿಗೊಮ್ಮೆ ತೋಟಕ್ಕೇ ಹೋಗಿ ಒಂದು ಪುಟದ ವರದಿ ಕೊಡಿ. ಲೆಕ್ಕ ತಪಾಸಣೆಯ ಸಹಿ ಲೆಕ್ಕಪರಿಶೋಧಕರದ್ದೇ ಆಗಿರಬೇಕು. ಆ ಗೆರೆ ದಾಟಬೇಡಿ. ಅವರ ಕಚೇರಿಯೊಡನೆ ಒಳ್ಳೆಯ ಸಂಬಂಧವಿಟ್ಟುಕೊಂಡರೆ ಅವರೇ ಕೆಲಸ ಕಳಿಸುತ್ತಾರೆ.

ವಿಜ್ಞಾನ ಪದವೀಧರರು ಇದೇ ಚೌಕಟ್ಟನ್ನು ಮಣ್ಣು ಪರೀಕ್ಷೆಗೆ ಬಳಸಬಹುದು. ಎಲೆಗೊಬ್ಬರ ಸರಿಸಿ, ಸುಮಾರು 9 ಅಂಗುಲ ಆಳದವರೆಗೆ, ಒಂದೇ ಬಗೆಯ ಜಾಗದ ಹತ್ತಾರು ಕಡೆಯಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಮಾತ್ರ ಪ್ರಯೋಗಾಲಯಕ್ಕೆ ಕಳಿಸುವ ಕೆಲಸವನ್ನು ಶ್ರದ್ಧೆಯಿಂದ ಮಾಡುವವರು ಬೇಕಾಗಿದ್ದಾರೆ. ವರದಿ ಬಂದ ಮೇಲೆ ಹುಳಿ ಮಣ್ಣಿಗೆ ಸುಣ್ಣ ಎಷ್ಟು, ಯಾವಾಗ ಎಂದು ಓದಿ ಹೇಳುವಲ್ಲಿ ನಿಮ್ಮ ರಸಾಯನಶಾಸ್ತ್ರ ಕೆಲಸಕ್ಕೆ ಬರುತ್ತದೆ. ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೇ ನೆಲದಲ್ಲಿ ಕೆಲಸ ಮಾಡುತ್ತಿದೆ. ಅದರ ಶಿಫಾರಸುಗಳನ್ನು ಬಿಟ್ಟು ಸ್ವಂತ ಪ್ರಯೋಗಗಳನ್ನು ಇನ್ನೊಬ್ಬರ ತೋಟದಲ್ಲಿ ಮಾಡಬೇಡಿ.

ಐದನೆಯ ಹೆಜ್ಜೆ: ಬೆಲೆಯನ್ನು ಲೆಕ್ಕ ಹಾಕಿ ಹೇಳಿ

ಪರಿಚಯದವರೆಂದು ಬಿಟ್ಟಿ ಕೆಲಸದಿಂದ ಶುರು ಮಾಡಬೇಡಿ. ಬಿಟ್ಟಿಯಾಗಿ ಕೊಟ್ಟದ್ದಕ್ಕೆ ಆಮೇಲೆ ಬೆಲೆ ಕಟ್ಟುವುದು ಬಹಳ ಕಷ್ಟ. ಮೊದಲ ಎರಡು ತಿಂಗಳು ಅರ್ಧ ಬೆಲೆ ಎಂದು ಮೊದಲೇ ಹೇಳಿಬಿಡುವುದು ವಾಸಿ.

ಲೆಕ್ಕ ಹಾಕುವ ರೀತಿಯನ್ನು ಉದಾಹರಣೆಗಾಗಿ ಕೊಡುತ್ತೇನೆ, ಅಂಕಿಗಳನ್ನು ನಿಮ್ಮ ಸ್ಥಿತಿಗೆ ಬದಲಿಸಿಕೊಳ್ಳಿ. 45,000 ರೂಪಾಯಿಯ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳುತ್ತದೆ ಎಂದುಕೊಂಡರೆ ತಿಂಗಳಿಗೆ ಸುಮಾರು 940, ಪೆಟ್ರೋಲಿಗೆ 1,200, ಫೋನು, ಇಂಟರ್‌ನೆಟ್‌ಗೆ 500, ಪ್ರಿಂಟಿಗೆ 260. ಒಟ್ಟು ಖರ್ಚು 2,900 ರೂಪಾಯಿ. ವಾರಕ್ಕೆ 10 ಗಂಟೆಯಂತೆ ತಿಂಗಳಿಗೆ 40 ಗಂಟೆ ಇದೆ ಎಂದಿಟ್ಟುಕೊಳ್ಳೋಣ. ಓಡಾಟ, ಫೋನ್ ಮಾತು, ಬಾಕಿ ವಸೂಲಿ ಇವಕ್ಕೆ 12 ಗಂಟೆ ಹೋಗುತ್ತದೆ. ಹಣ ತರುವ ಗಂಟೆಗಳು 28 ಮಾತ್ರ. ಕೈಯಲ್ಲಿ 7,000 ಉಳಿಯಬೇಕಾದರೆ 9,900ನ್ನು 28ರಿಂದ ಭಾಗಿಸಿ: ಗಂಟೆಗೆ ಸುಮಾರು 350 ರೂಪಾಯಿ. ಒಂದು ತೋಟಕ್ಕೆ ತಿಂಗಳಿಗೆ 7 ಗಂಟೆ ಹಿಡಿದರೆ 2,450. ಹೀಗೆ ನಾಲ್ಕು ತೋಟ ಸಿಕ್ಕಿದರೆ ಅಲ್ಲಿಗೆ ನಿಮ್ಮ ಸಮಯ ತುಂಬಿತು. ಹೆಚ್ಚಿನವರು ಆ 12 ಗಂಟೆಗಳನ್ನು ಮರೆತು ಬೆಲೆ ಹೇಳಿ, ಆರು ತಿಂಗಳಲ್ಲಿ ಸುಸ್ತಾಗಿ ಬಿಡುತ್ತಾರೆ.

ಆರನೆಯ ಹೆಜ್ಜೆ: ಮಾತಾದದ್ದನ್ನು ಬರೆದುಕೊಳ್ಳಿ

ನನ್ನ ಮೊದಲ ಗ್ರಾಹಕರು ನಮ್ಮ ತಾಯಿಯ ತವರಿನ ಕಡೆಯವರು. ಬಂಧುಗಳ ನಡುವೆ ಕಾಗದವೇಕೆ ಎಂದು ಏನನ್ನೂ ಬರೆದುಕೊಳ್ಳಲಿಲ್ಲ. ತಿಂಗಳ ಲೆಕ್ಕವೆಂದು ಶುರುವಾದದ್ದು ಸಾಲದ ಅರ್ಜಿ, ಪೌತಿ ಖಾತೆ, ಮಕ್ಕಳ ಕಾಲೇಜಿನ ಅರ್ಜಿಯವರೆಗೆ ಬೆಳೆಯಿತು. ಬೇಡವೆನ್ನಲು ಬಾಯಿ ಬರಲಿಲ್ಲ, ಒಂದು ವರ್ಷದ ಮೇಲೆ ಮನಸ್ತಾಪವಾಗಿಯೇ ಕೆಲಸ ನಿಂತಿತು. ಆ ಮನಸ್ತಾಪ ತಿಳಿಯಾಗಲು ಎರಡು ಮದುವೆಗಳು ದಾಟಬೇಕಾಯಿತು. ಅಂದಿನಿಂದ ವಾಟ್ಸ್ಆಪ್‌ನಲ್ಲಾದರೂ ಸರಿ, ಯಾವ ಕೆಲಸ, ತಿಂಗಳಿಗೆ ಎಷ್ಟು, ಯಾವ ತಾರೀಖಿನೊಳಗೆ ಹಣ, ಹೆಚ್ಚಿನ ಕೆಲಸಕ್ಕೆ ಗಂಟೆಗೆ ಎಷ್ಟು, ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು ಎಂಬ ಐದು ಸಾಲುಗಳನ್ನು ಬರೆದು ಕಳಿಸಿ, ಒಪ್ಪಿಗೆ ಬಂದ ಮೇಲಷ್ಟೇ ಕೆಲಸ ಮುಟ್ಟುತ್ತೇನೆ.

ಏಳನೆಯ ಹೆಜ್ಜೆ: ಕಾಗದಪತ್ರ

ಮೊದಲು ನಿಮ್ಮ ನೇಮಕಾತಿ ಪತ್ರವನ್ನು ಓದಿ. ಬೇರೆ ಕೆಲಸ ಮಾಡಬಾರದೆಂಬ ಷರತ್ತಿದ್ದರೆ ಲಿಖಿತ ಅನುಮತಿ ಪಡೆಯಿರಿ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳು ಇದಕ್ಕಿಂತ ಬಿಗಿಯಾಗಿವೆ. ಅನುಮತಿಯಿಲ್ಲದೆ ಖಾಸಗಿ ವ್ಯವಹಾರ ಅವರಿಗೆ ಸಲ್ಲದು. ಯುವನಿಧಿ ಪಡೆಯುತ್ತಿರುವವರು, ಅದು ನಿರುದ್ಯೋಗಿ ಪದವೀಧರರಿಗೆ ಕೊಡುವ ತಿಂಗಳ 3,000 ರೂಪಾಯಿ ಎಂಬುದನ್ನು ನೆನಪಿಟ್ಟು, ಸ್ವಂತ ದುಡಿಮೆ ಆರಂಭವಾದಾಗ ಸುಳ್ಳು ಘೋಷಣೆ ಕೊಡಬಾರದು.

ವ್ಯವಹಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಆಧಾರ್ ಮೂಲಕ ಉಚಿತವಾಗಿ ಆಗುತ್ತದೆ, ಅದಕ್ಕೆ ಹಣ ಕೇಳುವ ಜಾಲತಾಣಗಳನ್ನು ನಂಬಬೇಡಿ. ಸೇವೆಗಳಿಗೆ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಕಾಫಿಪುಡಿ, ಉಪ್ಪಿನಕಾಯಿಯಂತಹ ತಿನಿಸು ಮಾರುವುದಾದರೆ ಪ್ರಮಾಣ ಎಷ್ಟೇ ಸಣ್ಣದಿರಲಿ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಲೇಬೇಕು. ಉಪ ಆದಾಯವನ್ನು ಸಂಬಳದ ಜೊತೆ ಸೇರಿಸಿ ತೆರಿಗೆ ವಿವರದಲ್ಲಿ ತೋರಿಸಿ. ಕಂಪನಿಗಳು ನಿಮ್ಮ ಶುಲ್ಕದಲ್ಲಿ ತೆರಿಗೆ ಮುರಿದುಕೊಂಡಿದ್ದರೆ ಅದನ್ನು ಹಿಂಪಡೆಯುವ ದಾರಿಯೂ ಅದೇ.

ಎಂಟನೆಯ ಹೆಜ್ಜೆ: ವರ್ಷವನ್ನು ಬೆಳೆಯ ಜೊತೆ ಹೊಂದಿಸಿ

ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಅದರ ಬೆನ್ನಿಗೆ ರೊಬಸ್ಟಾ. ಆ ತಿಂಗಳುಗಳಲ್ಲಿ ಪ್ರತಿ ತೋಟದ ಚೀಟಿಗಳು ಎರಡು ಪಟ್ಟಾಗುತ್ತವೆ. ಹೊಸ ಗ್ರಾಹಕರನ್ನು ಆಗ ಒಪ್ಪಿಕೊಳ್ಳಬೇಡಿ, ಕೊಯ್ಲಿನ ತಿಂಗಳಿಗೆ ಬೇರೆ ದರವನ್ನು ಜೂನ್‌ನಲ್ಲೇ ಹೇಳಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ನೀರು ಹಾಯಿಸುವಾಗ ಬೆಳೆಗಾರರಿಗೆ ಮಾತಿಗೂ ಬಿಡುವಿರುವುದಿಲ್ಲ. ಆದರೆ ಡಿಪ್ಲೊಮಾ ಮಾಡಿ ಪಂಪ್‌ಸೆಟ್ ರಿಪೇರಿ, ವೈಂಡಿಂಗ್ ಕಲಿತವರಿಗೆ ವರ್ಷದ ದುಡಿಮೆಯ ಹೊತ್ತು ಅದೇ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಕರೆಂಟು ಎರಡನ್ನೂ ನಂಬುವಂತಿಲ್ಲವಾದ್ದರಿಂದ ಕಡತಗಳ ಎರಡು ಪ್ರತಿ ಇಟ್ಟುಕೊಂಡು, ಆ ತಿಂಗಳುಗಳನ್ನು ಹಳೆಯ ಲೆಕ್ಕ ಸರಿಪಡಿಸಲು, ಹೊಸದನ್ನು ಕಲಿಯಲು ಮೀಸಲಿಡಿ.

ಐದನೆಯ ತೋಟದವರು ಬಂದು ಕೇಳಿದಾಗ ಏನು ಮಾಡಬೇಕೆಂದು ಈಗಲೇ ಯೋಚಿಸಿರಿ. ನಿಮ್ಮ 40 ಗಂಟೆ ಹಿಗ್ಗುವುದಿಲ್ಲ. ಊರಿನಲ್ಲಿ ಈ ವರ್ಷ ಪದವಿ ಮುಗಿಸಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ತೋಟಕ್ಕೆ ಹೋಗಿ, ರೈಟರ್ ಪಕ್ಕದಲ್ಲಿ ಕೂರಿಸಿ ಒಂದು ವಾರದ ಬಟವಾಡೆಯನ್ನು ಅವರ ಕೈಯಲ್ಲೇ ಬರೆಸಿ, ಸಂಜೆ ಅದನ್ನು ಸಾಲು ಸಾಲಾಗಿ ತಿದ್ದಿಕೊಡಿ. ಮೂರು ತಿಂಗಳು ಹೀಗೆ ತಿದ್ದಿದ ಮೇಲೆ ಆ ತೋಟವನ್ನು ಅವರಿಗೇ ವಹಿಸಿ, ಬೆಳೆಗಾರರ ಎದುರಿನಲ್ಲೇ ಪುಸ್ತಕ ಹಸ್ತಾಂತರಿಸಿ.